ಲಂಘನ ಮುರಿದ ಡಾಕ್ಟರ್ ಸಾಹೇಬರು

ಕನಸಿನಲ್ಲಿ ಅವರು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ. ಮಸ್ಕಿಯ ಅವರ ದವಾಖಾನೆಯ ಹಿಂದಿನ ಪಡಸಾಲೆ, ನೆಲಕ್ಕೆ ಹಾಸಿದ ಜಮಖಾನೆ, ಗೋಡೆಗೆ ಒರಗಿ ಕೂತ ಡಾಕ್ಟರ್ ಸಾಹೇಬರು, ನಡುವೆ ಕಂದೀಲು. ನಾನು ಏನನ್ನೋ ಗಟ್ಟಿಯಾಗಿ ಓದುತ್ತಿರುತ್ತೇನೆ. ಏನು ಓದುತ್ತಿದ್ದೆ ಎಂಬುದು ಎಚ್ಚರವಾದ ಮೇಲೆ ನೆನಪಿರುವುದಿಲ್ಲ. ಅವರು ಮಾತ್ರ ತೋರುಬೆರಳು ಮೇಲೆತ್ತಿ, ಕಣ್ಣು ತೆರೆಯದೆ, ಇನ್ನೊಮ್ಮೆ ಎನ್ನುತ್ತಾರೆ. ನಾನು ಇನ್ನೊಮ್ಮೆ ಓದುತ್ತೇನೆ. ಅಷ್ಟರಲ್ಲಿ ಬೆಳಗಾಗಿರುತ್ತದೆ.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಸುದ್ದಿ ತಿಳಿಯುವ ಹೊತ್ತಿಗೆ ನಾನು ಬೇರೆ ಜಿಲ್ಲೆಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಹೋಗಿದ್ದರೆ ಈ ಕನಸುಗಳು ಬೀಳುತ್ತಿದ್ದವೋ ಇಲ್ಲವೋ. ಈಚೆಗೆ ಮಂಡಿನೋವಿಗೆ ಔಷಧ ಕೇಳಲು ಒಬ್ಬ ಹರೆಯದ ಡಾಕ್ಟರ ಬಳಿ ಹೋಗಿದ್ದೆ. ಮುಂದಿನ ವಾರ ತಾವು ಊರಲ್ಲಿರುವುದಿಲ್ಲವೆಂದೂ, ಏನೋ ಹೊಸದನ್ನು ಕಲಿಸುತ್ತಾರೆ, ಕಲಿತು ಬರುತ್ತೇನೆಂದೂ ಅವರು ಹೇಳಿದರು. ನನ್ನ ಜೊತೆ ಹೊರಗೆ ಬಂದ ಹಿರಿಯರೊಬ್ಬರು, ಇಷ್ಟು ದಿನ ಇವನು ಕಲಿಯದೆಯೇ ನಮಗೆ ಸೂಜಿ ಚುಚ್ಚಿದನೇನು ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ರಾತ್ರಿ ಸಾಹೇಬರು ಮತ್ತೆ ಕನಸಿಗೆ ಬಂದರು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಸಿಂಧನೂರಿನವನು. ನಿಜಾಮರ ಆಳ್ವಿಕೆ ಮುಗಿದು, ಉರ್ದು ಶಾಲೆಗಳೆಲ್ಲ ಒಂದೊಂದಾಗಿ ಕನ್ನಡಕ್ಕೆ ತಿರುಗುತ್ತಿದ್ದ ಕಾಲದಲ್ಲಿ ನನಗೆ ಮಸ್ಕಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಆಗಿನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ತುಂಗಭದ್ರೆಗೂ ಕೃಷ್ಣೆಗೂ ನಡುವೆ ನನ್ನಷ್ಟು ಇಂಗ್ಲಿಷ್ ಬಲ್ಲವರು ಯಾರೂ ಇಲ್ಲ ಎಂಬ ಭಾವನೆಯಿತ್ತು. ಅದನ್ನು ಪರೀಕ್ಷೆ ಮಾಡುವವರೂ ಇರಲಿಲ್ಲವಾದ್ದರಿಂದ ಭಾವನೆ ಹಾಗೇ ಉಳಿದಿತ್ತು. ಒಂದು ಸಂಜೆ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ, ಕಪ್ಪು ಶೇರವಾನಿ ತೊಟ್ಟ, ಗಡ್ಡ ಅರ್ಧ ನರೆತ ಮನುಷ್ಯರೊಬ್ಬರು ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ ಹಿಡಿದು ನಿಂತಿದ್ದರು. ಊರ ಡಾಕ್ಟರು. ಹಿಂದೂ ಮುಸ್ಲಿಮರೆನ್ನದೆ ಎಲ್ಲರೂ ಅವರನ್ನು ಡಾಕ್ಟರ್ ಸಾಹೇಬರು ಎಂದೇ ಕರೆಯುತ್ತಿದ್ದರು. ನನಗೇನೂ ಕಾಯಿಲೆ ಇರಲಿಲ್ಲ, ಹಾಗಾಗಿ ಗಾಬರಿಯಾಯಿತು.

"ಮಾಸ್ತರ್ರ, ನಿಮಗ ಇಂಗ್ಲೀಷ್ ಬರ್ತದ, ವೈದ್ಯಕಿ ಬರಂಗಿಲ್ಲ. ನನಗ ವೈದ್ಯಕಿ ಬರ್ತದ, ಇಂಗ್ಲೀಷ್ ಬರಂಗಿಲ್ಲ. ಇಬ್ಬರೂ ಕೂಡಿದ್ರ ಒಬ್ಬ ಡಾಕ್ಟರ್ ಆಗ್ತೀವಿ ನೋಡ್ರಿ" ಎಂದರು.

ಇಂಗ್ಲಿಷ್ ಅವರಿಗೆ ಬರುತ್ತಲೇ ಇರಲಿಲ್ಲ ಅಂತಲ್ಲ. ಶೀಷೆಯ ಮೇಲಿನ ಚೀಟಿ ಓದುವಷ್ಟು ಬರುತ್ತಿತ್ತು. ಆದರೆ ಅವರು ಹೈದರಾಬಾದಿನಲ್ಲಿ ವೈದ್ಯಕೀಯ ಕಲಿತದ್ದು ಉರ್ದುವಿನಲ್ಲಿ. ಅವರ ಮಟ್ಟಿಗೆ ಯಕೃತ್ತು ಜಿಗರ್ ಆಗಿತ್ತು, ನಾಡಿ ನಬ್ಜ್ ಆಗಿತ್ತು. ಅವರ ಕಪಾಟಿನ ತುಂಬ ದಪ್ಪ ದಪ್ಪ ಉರ್ದು ಪುಸ್ತಕಗಳು, ಹುಳು ಹಿಡಿಯದಂತೆ ಹಾಳೆಗಳ ನಡುವೆ ಒಣಗಿದ ಬೇವಿನೆಲೆ. ಸಂಸ್ಥಾನ ಹೋದ ಮೇಲೆ ಹಾಗೆ ಕಲಿಸುವುದೂ ನಿಂತಿತು, ಅಂಥ ಪುಸ್ತಕ ಬರುವುದೂ ನಿಂತಿತು. ಹೊಸದೆಲ್ಲ ಇಂಗ್ಲಿಷಿನಲ್ಲಿ ಬರತೊಡಗಿತು. ಬೇರೆಯವರಾಗಿದ್ದರೆ ನಾನು ಕಲಿತದ್ದು ನನಗೆ ಸಾಕು, ಈ ಮಸ್ಕಿಗೆ ಇದೇ ಹೆಚ್ಚು ಎಂದುಕೊಂಡು ಹಾಯಾಗಿ ಇರುತ್ತಿದ್ದರು. ಇವರು ಮಗನ ವಯಸ್ಸಿನ ಮಾಸ್ತರನ ಮನೆ ಹುಡುಕಿಕೊಂಡು ಬಂದಿದ್ದರು.

ಹೀಗೆ ನಮ್ಮ ಓದು ಶುರುವಾಯಿತು. ಸಂಜೆಯ ನಮಾಜು ಮುಗಿಸಿ ಅವರು ಪಡಸಾಲೆಗೆ ಬರುತ್ತಿದ್ದರು. ಹೈದರಾಬಾದಿನಲ್ಲಿದ್ದ ಅವರ ಸಹಪಾಠಿಯೊಬ್ಬರು ತಾವು ಓದಿ ಬಿಟ್ಟ ವೈದ್ಯಕೀಯ ಪತ್ರಿಕೆಗಳನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದರು. ಅವು ನಮ್ಮ ಕೈಗೆ ಬರುವ ಹೊತ್ತಿಗೆ ಹೊಸದು ಎಂದು ಬರೆದದ್ದೂ ಹಳೆಯದಾಗಿರುತ್ತಿತ್ತು. ನಾನು ಒಂದು ವಾಕ್ಯ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಅದನ್ನು ಮೆಲ್ಲಗೆ ಉರ್ದುವಿನಲ್ಲಿ ಹೇಳಿಕೊಳ್ಳುತ್ತಿದ್ದರು. ಆಮೇಲೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು, ಅಷ್ಟೊತ್ತಿಗೆ ನನಗೂ ನಾನು ಓದಿದ್ದು ಏನೆಂದು ಗೊತ್ತಾಗುತ್ತಿತ್ತು. ಒಂದು ಪುಟ ಮುಗಿಸಲು ಒಂದು ಸಂಜೆ ಸಾಲುತ್ತಿರಲಿಲ್ಲ. ಬಾಗಿಲಾಚೆ ಹತ್ತಿ ಗಾಡಿಗಳು ಸಾಲಾಗಿ ಹೋಗುತ್ತಿದ್ದವು, ಎತ್ತಿನ ಗಂಟೆ ಬಹಳ ದೂರದವರೆಗೆ ಕೇಳುತ್ತಿತ್ತು. ಊರಿನ ಹಳೆಯ ಶಾಸನವಿರುವ ಗುಡ್ಡದ ಮೇಲೆ ಬೆಳಕು ತಗ್ಗುತ್ತಿತ್ತು. ಆ ಪಡಸಾಲೆಯಲ್ಲಿ ಕಾಲ ನಡೆಯುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಅಷ್ಟು ಸುಖವಾಗಿದ್ದೆ ನಾನು ಆಗ.

ಪತ್ರಿಕೆಯ ಜಾಹೀರಾತುಗಳನ್ನೂ ಅವರು ಬಿಡುತ್ತಿರಲಿಲ್ಲ. ಒಮ್ಮೆ ಯಾವುದೋ ಹಲ್ಲುಪುಡಿಯ ಜಾಹೀರಾತನ್ನು ನಾನು ಹಾರಿಸಿದೆ. ಅದನ್ನೂ ಓದಿರಿ, ಅದರೊಳಗೆ ಏನಿದೆಯೋ ಎಂದರು. ಓದಿದೆ. ಅದರೊಳಗೆ ಏನೂ ಇರಲಿಲ್ಲ. ಏನೂ ಇಲ್ಲವೆಂದು ತಿಳಿದದ್ದಕ್ಕೂ ಅವರಿಗೆ ಸಮಾಧಾನವಾಯಿತು.

ಅವರ ಮೈಯಿಂದ ಕಾರ್ಬಾಲಿಕ್ ಸೋಪಿನ ವಾಸನೆಯೂ ಅತ್ತರಿನ ವಾಸನೆಯೂ ಕೂಡಿ ಬರುತ್ತಿದ್ದವು. ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ತಿರುಗಿದ್ದನ್ನು ನಾನು ನೋಡಿಲ್ಲ. ಅದು ಶೇರವಾನಿಯ ಕಿಸೆಯಲ್ಲಿ ಮಲಗಿರುತ್ತಿತ್ತು. ಮಗುವಿನ ಎದೆಗೆ ಇಡುವ ಮೊದಲು ಅದರ ತುದಿಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದರು, ಆ ಹೊತ್ತಿನಲ್ಲಿ ಮಗುವಿನ ಜೊತೆ ಆಡಿನ ಬಗ್ಗೆಯೋ ಬೋರೆಹಣ್ಣಿನ ಬಗ್ಗೆಯೋ ಮಾತಾಡುತ್ತಿದ್ದರು. ಬೇಸಿಗೆಯಲ್ಲಿ ನಾರುಹುಣ್ಣಿನವರು ಬರುತ್ತಿದ್ದರು. ಮೆಟ್ಟಿಲು ಬಾವಿಯ ನೀರು ಕುಡಿದು, ಕಾಲಿನಿಂದ ದಾರದಂಥ ಹುಳು ಹೊರಬರುವ ಆ ಹಾಳು ರೋಗ ನಮ್ಮ ಕಡೆ ಯಾರ ಮನೆಯಲ್ಲೂ ಅಪರೂಪವಾಗಿರಲಿಲ್ಲ. ಅದನ್ನು ಕಡ್ಡಿಗೆ ಸುತ್ತಿ ಸುತ್ತಿ, ದಿನಕ್ಕಿಷ್ಟೇ ಎಳೆಯಬೇಕು. ಅವರು ಅದನ್ನು ಎಳೆಯುವಾಗ ಕೈ ನಡುಗಿದ್ದನ್ನಾಗಲಿ ಮುಖ ಸಿಂಡರಿಸಿದ್ದನ್ನಾಗಲಿ ಕಂಡವರಿಲ್ಲ.

ಇಷ್ಟೆಲ್ಲ ಇದ್ದರೂ ಅವರ ದವಾಖಾನೆ ವರ್ಷ ವರ್ಷ ತೆಳುವಾಗುತ್ತಿತ್ತು. ಕಾರಣ ಅವರೇ. ತಿಳಿಯದಿದ್ದರೆ ತಿಳಿಯದು ಎಂದು ರೋಗಿಯ ಮುಂದೆಯೇ ಹೇಳಿಬಿಡುವುದು ಅವರ ಅಭ್ಯಾಸ. ಒಮ್ಮೆ ಹತ್ತಿ ವ್ಯಾಪಾರಿಯೊಬ್ಬರು ಮೈಮೇಲೆ ಎದ್ದ ಗಂಧೆ ತೋರಿಸಲು ಬಂದರು. ಸಾಹೇಬರು ಬೆಳಕಿಗೆ ನಿಲ್ಲಿಸಿ ಹಿಂದೆ ಮುಂದೆ ನೋಡಿದರು. ಇದು ಏನೆಂದು ನನಗೆ ತಿಳಿಯಲಿಲ್ಲ, ಸ್ವಲ್ಪ ಕೂತಿರಿ, ನೋಡಿ ಹೇಳುತ್ತೇನೆ ಎಂದು ಕಪಾಟಿನಿಂದ ಪುಸ್ತಕ ತೆಗೆದರು. ವ್ಯಾಪಾರಿ ಅಂಗಿಯ ಗುಂಡಿ ಹಾಕಿಕೊಂಡು ಎದ್ದು, ಸಾಹೇಬರು ಪುಸ್ತಕದಲ್ಲಿ ಹುಡುಕಿ ಮುಗಿಸುವುದರೊಳಗೆ ಲಿಂಗಸೂಗೂರಿನ ಬಸ್ಸು ಹತ್ತಿಬಿಟ್ಟಿದ್ದರು. ಅಲ್ಲಿಂದ ಮುಂದೆ ಸಂತೆಯಲ್ಲಿ ಅವರಿಗೆ ಪುಸ್ತಕದ ಡಾಕ್ಟರು ಎಂಬ ಹೆಸರು ಬಿತ್ತು. ನೋಡಿದ ಕೂಡಲೇ ರೋಗದ ಹೆಸರು ಹೇಳುವವನೇ ಡಾಕ್ಟರು, ಪುಸ್ತಕ ನೋಡಿ ಹೇಳಲು ಡಾಕ್ಟರೇ ಯಾಕೆ ಬೇಕು ಎನ್ನುವುದು ಊರಿನ ವಾದ. ವಾದವೇನೋ ಕೇಳಲಿಕ್ಕೆ ಚೆನ್ನಾಗಿಯೇ ಇತ್ತು.

ರೋಗಿ ಹೋದ ಮೇಲೆ ಪುಸ್ತಕ ತೆಗೆಯಬಾರದೇ ಎಂದು ನಾನೊಮ್ಮೆ ಕೇಳಿದೆ. ಅವರು ಮೇಜಿನ ಮೇಲಿದ್ದ ಪೆನಿಸಿಲಿನ್ ಶೀಷೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಔಷಧ ಹಳೇದಾದ್ರ ಶೀಷಾದ ಮ್ಯಾಲ ತಾರೀಖು ಬರದಿರ್ತದ ಮಾಸ್ತರ್ರ. ಡಾಕ್ಟರ್ ಹಳೇಂವ ಆದ್ರ ಎಲ್ಲಿ ನೋಡ್ತೀರಿ? ನಾನ ಹೇಳಬೇಕಲ್ಲ?"

ಪ್ರತಿ ಬೇಸಿಗೆಗೆ ಅವರು ಹೈದರಾಬಾದಿಗೆ ಹೋಗುತ್ತಿದ್ದರು. ಅಲ್ಲಿ ಊರೂರಿನ ಹಳೆಯ ಡಾಕ್ಟರುಗಳಿಗೆ ಹೊಸದನ್ನು ಹೇಳಿಕೊಡುವ ತರಗತಿಗಳು ನಡೆಯುತ್ತಿದ್ದವು. ನಮ್ಮ ಶಾಲೆಗೆ ರಜೆ, ಅವರಿಗೆ ಶಾಲೆ ಶುರು. ಬಿಸಿಲಿಗೆ ಹೆದರಿ ನಾಯಿಗಳೂ ಹೊರಗೆ ಬಾರದ ದಿನಗಳಲ್ಲಿ ಇವರು ಟ್ರಂಕು ಹಿಡಿದು ರಾಯಚೂರಿಗೆ ಹೋಗಿ ರೈಲು ಹತ್ತುತ್ತಿದ್ದರು. ಅವರ ಹೆಂಡತಿ ಬಾಗಿಲ ಪರದೆಯ ಹಿಂದಿನಿಂದಲೇ, ಮೊಮ್ಮಕ್ಕಳು ಸಾಲಿಗೆ ಹೋಗುವ ವಯಸ್ಸಿನಲ್ಲಿ ಇವರು ಹೋಗುತ್ತಾರೆ ನೋಡಿ ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು. ಆದರೆ ಟ್ರಂಕಿನಲ್ಲಿ ಅವರ ಅಂಗಿಗಳನ್ನು ಮಡಿಚಿಡುವವರೂ ದಾರಿಗೆ ರೊಟ್ಟಿ ಕಟ್ಟುವವರೂ ಅವರೇ. ಅಲ್ಲಿ ತಮ್ಮ ಮಗನಷ್ಟು ಸಣ್ಣವರು ಪಾಠ ಮಾಡುತ್ತಾರೆಂದೂ, ತಾವು ಮುಂದಿನ ಸಾಲಿನಲ್ಲೇ ಕೂರುವುದೆಂದೂ, ಹಿಂದೆ ಕೂತರೆ ನಿದ್ದೆ ಬರುತ್ತದೆಂದೂ ಸಾಹೇಬರು ತಿರುಗಿ ಬಂದು ಹೇಳುತ್ತಿದ್ದರು. ಬಂದ ಹೊಸದರಲ್ಲಿ ಅವರ ಮುಖ ನೋಡಬೇಕು. ನೀರು ಹೊಯ್ದ ಗಿಡದ ಹಾಗೆ ಇರುತ್ತಿತ್ತು.

ಒಂದು ಸಲ ನಮ್ಮೂರಿಗೆ ಅವರನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಗೊರೇಬಾಳದ ಕಡೆ ಕಾಲುವೆ ಅಗೆಯುತ್ತಿದ್ದ ಕಾಲ. ಊರಿಗೆ ಊರೇ ಅಲ್ಲಿ ಹೋಗಿ ನಿಂತು, ಕೆದರಿದ ಮಣ್ಣು ನೋಡುತ್ತ ನೆಲ್ಲಿನ ಗದ್ದೆಯ ಕನಸು ಕಾಣುತ್ತಿತ್ತು. ದಢೇಸುಗೂರಿನ ತನಕ ಹಸಿರಾಗುತ್ತದಂತೆ ಎಂದು ನಮ್ಮಪ್ಪ ಕೈ ಚಾಚಿ ತೋರಿಸಿದರು. ಸಾಹೇಬರೂ ಬಹಳ ಹೊತ್ತು ಆ ಕಡೆಯೇ ನೋಡಿದರು. ಅವರೂ ಗದ್ದೆಯನ್ನೇ ಕಾಣುತ್ತಿದ್ದಾರೆ ಎಂದುಕೊಂಡೆ. ನೀರು ಬಂದರೆ ನೆಲ್ಲು ಒಂದೇ ಬರುವುದಿಲ್ಲ, ಸೊಳ್ಳೆಯೂ ಬರುತ್ತದೆ, ಅದು ಬರುವುದರೊಳಗೆ ಚಳಿಜ್ವರದ ಹೊಸ ಮಾತ್ರೆಗಳ ಬಗ್ಗೆ ಓದಿ ಮುಗಿಸಬೇಕು ಎಂದರು. ಒಣ ನೆಲದ ಮೇಲೆ ನಿಂತು ಇನ್ನೂ ಹುಟ್ಟದ ಸೊಳ್ಳೆಗಳನ್ನು ಕಂಡ ಮನುಷ್ಯ ಅವರು.

ಇವೆಲ್ಲ ತಮಾಷೆಯ ನೆನಪುಗಳು. ಆ ಒಂದು ಸಂಜೆ ಮಾತ್ರ ಹಾಗಲ್ಲ.

ಅವತ್ತು ಓದಿದ್ದು ಮುದ್ದತ್ತಿನ ಜ್ವರದ ಬಗ್ಗೆ. ಟೈಫಾಯ್ಡಿಗೆ ನಮ್ಮ ಕಡೆ ಆ ಹೆಸರು, ಮೂರು ವಾರದ ಮುದ್ದತ್ತು ಮುಗಿಸಿಕೊಂಡೇ ಅದು ಇಳಿಯುತ್ತದೆಂದು. ಅದಕ್ಕೆ ಔಷಧವೆಂದರೆ ಲಂಘನ, ಅಂದರೆ ಉಪವಾಸ. ಕಾಸಿ ಆರಿಸಿದ ನೀರು, ಬಾರ್ಲಿಯ ತಿಳಿ, ಅಷ್ಟೇ. ಇದು ಹಳ್ಳಿಯವರ ಪದ್ಧತಿ ಮಾತ್ರವಲ್ಲ, ಸಾಹೇಬರು ಕಲಿತು ಬಂದದ್ದೂ ಅದನ್ನೇ. ಆ ಜ್ವರದಲ್ಲಿ ಕರುಳಿನೊಳಗೆ ಹುಣ್ಣಾಗಿರುತ್ತದೆ, ಅದರ ಮೇಲೆ ಅನ್ನ ಬಿದ್ದರೆ ತೂತಾಗಿ ರೋಗಿ ಸಾಯುತ್ತಾನೆ ಎಂದು ಅವರ ಗುರುಗಳು ಹೇಳಿದ್ದರು. ಒಂದು ತುತ್ತು ಬಿದ್ದರೆ ಕರುಳು ಹರಿಯುತ್ತದೆ ಎಂದು ಇವರು ಮಸ್ಕಿಯ ಸುತ್ತಿನ ಹಳ್ಳಿಗಳಲ್ಲೆಲ್ಲ ಸಾರಿದ್ದರು. ಆ ಮಾತು ಜನರಲ್ಲಿ ಎಷ್ಟು ಬೇರೂರಿತ್ತೆಂದರೆ, ಜ್ವರದ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ವಾಸನೆಗೆ ರೋಗಿಗೆ ಹಸಿವಾದೀತೆಂದು. ರೊಟ್ಟಿಯನ್ನು ಪಕ್ಕದ ಮನೆಯಲ್ಲಿ ಬಡಿದು, ಸೆರಗಿನೊಳಗೆ ಮುಚ್ಚಿ ತಂದು, ಹಿತ್ತಲಲ್ಲಿ ಕೂತು ತಿನ್ನುತ್ತಿದ್ದರು.

ಪತ್ರಿಕೆಯಲ್ಲಿ ಬರೆದಿದ್ದವರು ಯಾರೋ ವಯಸ್ಸಾದ ಡಾಕ್ಟರು. ಈ ಜ್ವರದವರನ್ನು ಉಪವಾಸ ಹಾಕುವುದು ತಪ್ಪು, ಮೊದಲ ದಿನದಿಂದಲೇ ಹಾಲು, ಗಂಜಿ, ಸಕ್ಕರೆ ಇಂಥ ಮೆತ್ತನೆಯದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಲೇ ಇರಬೇಕು, ಜ್ವರ ಮೈಯನ್ನು ಸುಡುತ್ತಿರುವಾಗ ಉರಿಯಲು ಏನೂ ಕೊಡದಿದ್ದರೆ ಅದು ಮನುಷ್ಯನನ್ನೇ ಉರಿಸುತ್ತದೆ ಎಂದು ಬರೆದಿದ್ದರು. ಜ್ವರದಿಂದ ಸತ್ತರು ಎಂದು ನಾವು ತಿಳಿದವರಲ್ಲಿ ಎಷ್ಟೋ ಮಂದಿ ಹಸಿವಿನಿಂದ ಸತ್ತಿದ್ದಾರೆ ಎಂದೂ ಇತ್ತು. ಸಾಹೇಬರು ಬೆರಳೆತ್ತಿದರು. ಮತ್ತೆ ಓದಿದೆ. ಮತ್ತೆ ಬೆರಳೆತ್ತಿದರು. ನನಗೆ ಊಟದ ಹೊತ್ತಾಗಿತ್ತು, ಒಳಗೊಳಗೇ ಸಿಟ್ಟು ಬಂತು. ಅವರು ಅದನ್ನು ಉರ್ದುವಿನಲ್ಲಿ ಹೇಳಿಕೊಳ್ಳಲಿಲ್ಲ, ನನಗೆ ಕನ್ನಡದಲ್ಲಿ ಹೇಳಲೂ ಇಲ್ಲ. ಕಣ್ಣು ತೆರೆದಾಗ ಅವು ಕೆಂಪಾಗಿದ್ದವು.

ಆಮೇಲೆ ಸಂತೆಕಲ್ಲೂರಿನ ಒಂದು ಮನೆಯ ಸುದ್ದಿ ಹೇಳಿದರು. ಸಂಸ್ಥಾನ ಇನ್ನೂ ಇದ್ದಾಗಿನ ಮಾತು. ಹೊಲ ಮನೆ ಚೆನ್ನಾಗಿದ್ದ ಲಿಂಗಾಯತರ ಮನೆತನ. ಮನೆಯ ಹಿರಿಯ ಮಗ, ಆಗಷ್ಟೇ ಒಂದು ಹೆಣ್ಣುಕೂಸಿನ ತಂದೆಯಾಗಿದ್ದವನು, ಮುದ್ದತ್ತಿನ ಜ್ವರದಲ್ಲಿ ಮಲಗಿದ್ದ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಸಾಹೇಬರ ಕೈ ಹಿಡಿದು ಮಜ್ಜಿಗೆ ಅನ್ನ ಕೇಳಿದ. ಅವರು ಬೇಡ ಎಂದರು. ಎರಡು ದಿನ ಬಿಟ್ಟು ಹೋದಾಗ ಅವನು ತೀರಿಕೊಂಡಿದ್ದ. ಹೆಣದ ಬಾಯಿಯ ಮೂಲೆಯಲ್ಲಿ ಒಂದು ಅನ್ನದ ಅಗುಳು ಒಣಗಿ ಅಂಟಿತ್ತು.

"ನಾ ಅಂಗಳದಾಗ ನಿಂತು, ಯಾರು ತುತ್ತು ಕೊಟ್ರಿ ಅಂತ ಗದ್ದರಿಸಿ ಕೇಳ್ದೆ. ಯಾರೂ ಮಾತಾಡಲಿಲ್ಲ. ತುತ್ತು ಕೊಟ್ಟಾವ್ರ ಕೊಂದಾರ ಅಂತ ಮಂದಿ ಮುಂದ ಹೇಳಿ ಬಂದೆ ಮಾಸ್ತರ್ರ" ಎಂದರು.

ಕಲಿಸಿದ್ದೇ ಹಾಗೆ, ನಿಮ್ಮದೇನು ತಪ್ಪು ಎಂದೆ. ಅವರು ತಲೆಯಾಡಿಸಿದರು. ಆಗಿನದು ತಿಳಿಯದೆ ಮಾಡಿದ್ದು, ಇವತ್ತಿನಿಂದ ಸುಮ್ಮನಿದ್ದರೆ ಅದು ತಿಳಿದು ಮಾಡಿದ್ದಾಗುತ್ತದೆ ಎಂದರು. ಮರುದಿನದಿಂದ ಜ್ವರದವರಿಗೆಲ್ಲ ಗಂಜಿ ಕೊಡಿ, ಹಾಲು ಕೊಡಿ ಎಂದು ಹೇಳತೊಡಗಿದರು. ಜನ ಅವರ ಎದುರಿಗೆ ಹೂಂ ಎಂದು, ಮನೆಗೆ ಹೋಗಿ ಲಂಘನವನ್ನೇ ಮುಂದುವರಿಸುತ್ತಿದ್ದರು. ಸಾಹೇಬರಿಗೆ ವಯಸ್ಸಾಯಿತು, ತಾವೇ ಹೇಳಿದ್ದು ತಮಗೇ ಮರೆತಿದೆ ಎಂದು ಮಾತಾಡಿಕೊಂಡರು. ಅವರ ಹೊಸ ಮಾತಿಗೆ ಅವರ ಹಳೆಯ ಮಾತೇ ಅಡ್ಡ ನಿಂತಿತ್ತು.

ಸಂತೆಕಲ್ಲೂರಿಗೆ ಹೋಗಿ ಆ ಮನೆಯವರಿಗೆ ಹೇಳಬೇಕೆಂದು ಅವರು ಎಷ್ಟೋ ಸಲ ಅಂದರು. ಸತ್ತವನು ತಿರುಗಿ ಬರುವುದಿಲ್ಲ, ಆರಿದ ಹುಣ್ಣು ಕೆದಕುವುದು ಯಾಕೆ ಎಂದು ನಾನು ತಡೆದೆ. ಆ ಹುಣ್ಣು ಆರಿದೆಯೋ ಇಲ್ಲವೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ, ಜೋಳದ ರಾಶಿ ಮುಗಿದ ದಿನಗಳಲ್ಲಿ, ಒಂದು ಭಾನುವಾರ ಮಧ್ಯಾಹ್ನ ಆ ಮನೆಯ ಗಾಡಿಯೇ ದವಾಖಾನೆಯ ಮುಂದೆ ಬಂದು ನಿಂತಿತು. ಬಂದವನು ಸತ್ತವನ ತಮ್ಮ. ಅಣ್ಣನ ಮಗಳಿಗೆ, ಅವತ್ತಿನ ಆ ಕೂಸಿಗೆ, ಅದೇ ಜ್ವರ ಬಂದಿತ್ತು. ಆಗಲೇ ಎರಡನೇ ವಾರ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಸಾಹೇಬರು ಕೇಳಿದರು. ಬರುವುದೇನಿದೆ, ಔಷಧ ಗೊತ್ತಿತ್ತಲ್ಲ, ನೀವು ಹೇಳಿದ ಹಾಗೆ ಲಂಘನ ಹಾಕಿದ್ದೇವೆ, ಈ ಸಲ ಒಂದು ಅಗುಳೂ ಒಳಗೆ ಹೋಗಿಲ್ಲ ಎಂದು ಅವನು ಒಂಥರ ಹೆಮ್ಮೆಯಿಂದಲೇ ಹೇಳಿದ. ಈಗ ಹುಡುಗಿ ಬಡಬಡಿಸುತ್ತಿದ್ದಾಳೆಂದು ಹೆದರಿ ಬಂದಿದ್ದ. ಸಾಹೇಬರ ಮುಖದ ಬಣ್ಣ ಹೋಯಿತು. ನನ್ನ ಕಡೆ ತಿರುಗಿ, ಓದಿದವರು ನೀವು, ಜೊತೆಗೆ ಬನ್ನಿ ಎಂದರು.

ಆ ದಾರಿ ನನಗೆ ಈಗಲೂ ನಿದ್ದೆಯಲ್ಲಿ ಕಂಡಂತೆಯೇ ಕಾಣುತ್ತದೆ. ಎರಡೂ ಕಡೆ ಕಟಾವಾದ ಹೊಲ, ಬಿಳಿ ಬಿಸಿಲು, ಅದರ ನಡುವೆ ಮುಂದಕ್ಕೆ ಹೋಗುತ್ತಲೇ ಇಲ್ಲವೇನೋ ಎನ್ನುವಂತೆ ಹೋಗುತ್ತಿದ್ದ ಗಾಡಿ.

ಮನೆ ತಣ್ಣಗಿತ್ತು. ಒಲೆ ಹೊತ್ತಿಸದ ಮನೆಯ ತಣ್ಪು. ಅಡುಗೆಮನೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು, ಒಳಗಿನ ಮಡಕೆ ಪಾತ್ರೆ ಹುಡುಗಿಯ ಕಣ್ಣಿಗೂ ಬೀಳಬಾರದೆಂದು. ಪಡಸಾಲೆಯ ಹೊರಸಿನ ಮೇಲೆ ಹುಡುಗಿ ಇದ್ದಳು ಎನ್ನುವುದಕ್ಕಿಂತ ಕೌದಿ ಇತ್ತು ಎನ್ನಬೇಕು. ತುಟಿ ಕಪ್ಪಗೆ ಕಟ್ಟಿತ್ತು, ಬೆರಳುಗಳು ಕೌದಿಯ ಹೊಲಿಗೆಯನ್ನು ಸುಮ್ಮನೆ ಕೀಳುತ್ತಿದ್ದವು. ತಲೆದೆಸೆಗೆ ಅಜ್ಜಿ ಕೂತಿದ್ದರು, ಸತ್ತವನ ತಾಯಿ. ಹಣೆಯ ತುಂಬ ವಿಭೂತಿ. ಅವರು ಒದ್ದೆ ಬಟ್ಟೆಯನ್ನು ಹಿಂಡಿ ಮೊಮ್ಮಗಳ ಹಣೆಗೆ ಹಾಕುತ್ತಿದ್ದರು, ಸಾಹೇಬರು ಬಂದರೂ ತಲೆಯೆತ್ತಲಿಲ್ಲ. ಹುಡುಗಿಯ ತಾಯಿ ಕಂಬದ ಮರೆಯಲ್ಲಿ ನಿಂತಿದ್ದಳು.

ಸಾಹೇಬರು ನಾಲಗೆ ನೋಡಿದರು. ಹೊಟ್ಟೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಹಾಗೇ ಕೂತರು. ಆಮೇಲೆ, ಒಲೆ ಹಚ್ಚಿ ಎಂದರು. ಬಿಸಿನೀರಿಗೆಂದು ತಿಳಿದು ಹುಡುಗಿಯ ತಾಯಿ ಹೊರಟಳು. ಅಕ್ಕಿಯ ಗಂಜಿ ಮಾಡಿ ಸೋಸಿ ತನ್ನಿ, ಹಾಲು ಕಾಸಿ, ಸಕ್ಕರೆ ಹಾಕಿ ಎಂದಾಗ ಅವಳು ನಿಂತುಬಿಟ್ಟಳು. ಹುಡುಗಿಯ ಚಿಕ್ಕಪ್ಪ ಎದುರಿಗೆ ಬಂದ.

"ನಮ್ಮಣ್ಣಗ ನೀವ ಬ್ಯಾಡ ಅಂದಿದ್ರಲ್ರೀ ಸಾಹೇಬ್ರ. ಒಂದು ತುತ್ತು ಬಿದ್ರ ಕರುಳು ಹರೀತದ ಅಂದಾವ್ರು ನೀವ."

ಅಷ್ಟರಲ್ಲಿ ಬಾಗಿಲಲ್ಲಿ ಓಣಿಯ ಜನ ಸೇರಿದ್ದರು. ಹೊಸ ಔಷಧದ ನೆಪ ಹೇಳಬಹುದಿತ್ತು. ಇವಳ ಜ್ವರವೇ ಬೇರೆ ಎನ್ನಬಹುದಿತ್ತು, ಯಾರಿಗೆ ತಿಳಿಯುತ್ತಿತ್ತು? ಹಾಗೆ ಹೇಳಿಯಾರು ಎಂದು ನಾನು ಕಾದೆ, ಹೇಳಲಿ ಎಂದು ಬಯಸಿದೆ ಕೂಡ. ಸಾಹೇಬರು ಹೊರಸಿನಿಂದ ಇಳಿದು, ಶೇರವಾನಿಯ ಸಮೇತ ಸಗಣಿ ಸಾರಿಸಿದ ನೆಲದ ಮೇಲೆ ಕೂತರು.

"ಅ‍ವತ್ತು ನಾ ಹೇಳಿದ್ದು ತಪ್ಪಿತ್ತು" ಎಂದರು.

ಚಿಕ್ಕಪ್ಪನಿಗೆ ಅದು ಕೂಡಲೇ ತಲೆಗೆ ಹೋಗಲಿಲ್ಲ. ಹೋದ ಮೇಲೆ ಅವನ ಕುತ್ತಿಗೆಯ ನರ ಉಬ್ಬಿತು. ಹಾಗಾದರೆ ನಮ್ಮಣ್ಣ ಎನ್ನುತ್ತ ಒಂದು ಹೆಜ್ಜೆ ಮುಂದಿಟ್ಟ. ಆಗ ಅಜ್ಜಿ ಬಾಯಿ ತೆರೆದರು. ಒದ್ದೆ ಬಟ್ಟೆ ಅವರ ಕೈಯಲ್ಲೇ ಇತ್ತು.

"ಯಾರು ತುತ್ತು ಕೊಟ್ರಿ ಅಂತ ನೀವು ಕೇಳಿದ್ರಿ. ನಾನ ಕೊಟ್ಟಿದ್ದೆ. ಅಂವಾ ಕೇಳೂದು ನೋಡಲಾರದ, ಮಜ್ಜಿಗಿ ಅನ್ನ ಒಂದ ಒಂದು ತುತ್ತು ಇಟ್ಟೆ. ಅದರಿಂದನ ನನ್ನ ಮಗ ಹೋದ."

ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ ಎಂಬುದು ಅವರವರ ಮುಖ ನೋಡಿದರೇ ತಿಳಿಯುತ್ತಿತ್ತು. ಇಷ್ಟು ವರ್ಷ ಆ ಹೆಂಗಸು ತಾನೇ ಮಗನನ್ನು ಕೊಂದೆನೆಂದು ನಂಬಿ, ಯಾರಿಗೂ ಹೇಳದೆ, ಅದೇ ಮನೆಯಲ್ಲಿ ಓಡಾಡಿದ್ದರು. ಮಗ ಸತ್ತಂದಿನಿಂದ ಅವರು ಅಡುಗೆಮನೆಗೆ ಕಾಲಿಟ್ಟಿರಲಿಲ್ಲ, ಯಾರ ತಟ್ಟೆಗೂ ಬಡಿಸಿರಲಿಲ್ಲವೆಂದು ಸೊಸೆ ನನಗೆ ಆಮೇಲೆ ಹೇಳಿದಳು. ದುಃಖಕ್ಕೆ ಹಾಗೆ ಮಾಡುತ್ತಾರೆಂದು ಅವರೆಲ್ಲ ತಿಳಿದಿದ್ದರು.

ಸಾಹೇಬರು ಅಜ್ಜಿಯ ಕಡೆ ತಿರುಗಿ ಕೂತರು.

"ಅಲ್ಲ ಯವ್ವಾ. ಈಗ ನನಗ ತಿಳಿದಮಟ್ಟಿಗೆ ಹೇಳ್ತೀನಿ, ಆ ತುತ್ತಿನಿಂದ ಅಂವಾ ಹೋಗಿಲ್ಲ. ಅಷ್ಟು ದಿನದಾಗ ಅವಗ ಸಿಕ್ಕಿದ್ದು ಅದೊಂದ ತುತ್ತು. ನೀವು ಇನ್ನೂ ಕೊಡಬೇಕಿತ್ತು. ಬ್ಯಾಡ ಅಂದಾಂವ ನಾನು. ಗದ್ದರಿಸಿದಾಂವನೂ ನಾನ."

ಅಜ್ಜಿ ಅವರನ್ನೇ ನೋಡಿದರು. ಬೈದಾರು, ಅತ್ತಾರು ಎಂದು ನಾನು ಎಣಿಸಿದ್ದೆ. ಅವರು ಬಟ್ಟೆಯನ್ನು ಬಟ್ಟಲಲ್ಲಿ ಬಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದರು. ಅಡುಗೆಮನೆಯ ಬಾಗಿಲಿಗೆ ಹೋಗಿ ಕಂಬಳಿಯನ್ನು ಎಳೆದು ಕೆಳಗೆ ಹಾಕಿದರು. ಒಳಗೆ ಒಲೆಗೆ ಕುಳ್ಳು ಮುರಿಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಹೊಗೆ ಪಡಸಾಲೆಗೆ ಬಂತು.

ಹುಡುಗಿಗೆ ಏನಾದರೂ ಆದರೆ ಮತ್ತೆ ಈ ಊರಿಗೆ ಕಾಲಿಡಬೇಡಿ ಎಂದು ಚಿಕ್ಕಪ್ಪ ಎಲ್ಲರ ಮುಂದೆ ಹೇಳಿದ. ಸಾಹೇಬರು ಆಗಲಿ ಎಂದರು. ಮಸ್ಕಿಯ ದವಾಖಾನೆಗೆ ಬೀಗ ಹಾಕಿಸಿ ಆ ಊರಲ್ಲೇ ಉಳಿದರು. ಈ ಜ್ವರಕ್ಕೆ ಹೊಸದಾಗಿ ಬಂದಿದ್ದ ಮಾತ್ರೆಗಾಗಿ ಹೈದರಾಬಾದಿಗೆ ಹೇಳಿ ಕಳಿಸಿದರು, ಅದು ಅಲ್ಲಿಯೂ ಸಿಗಲಿಲ್ಲ. ಇನ್ನು ಇದ್ದದ್ದು ಗಂಜಿ, ಹಾಲು, ಒದ್ದೆ ಬಟ್ಟೆ, ಆ ಪತ್ರಿಕೆಯ ಒಂದು ಪುಟ. ಕರುಳಿನ ಹುಣ್ಣೇನೂ ಸುಳ್ಳಲ್ಲವಲ್ಲ. ಹೊಟ್ಟೆ ಮುಟ್ಟಿ ನೋಡುವಾಗ, ಎಲ್ಲಾದರೂ ಗಟ್ಟಿಯಾಗಿದೆಯೋ ಎಂದು ಹುಡುಕುವಾಗ, ಅವರ ತುಟಿ ಅಲುಗುವುದನ್ನು ನಾನು ನೋಡಿದೆ. ಶಾಲೆ ಮುಗಿಸಿ ಸಂಜೆ ಸಂಜೆ ಸೈಕಲ್ ಮೇಲೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಅಜ್ಜಿ ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಮಚದಿಂದ ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ಒಂದು ಗುಟುಕು ನುಂಗಿದ ಮೇಲೆ ಇನ್ನೊಂದಕ್ಕೆ ಕಾಯುವುದರಲ್ಲಿ ಅವರಿಗೆ ಯಾವ ಅವಸರವೂ ಇರಲಿಲ್ಲ.

ಮೂರನೇ ವಾರ ಕಳೆಯಿತು. ಜ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಒಂದು ಸಂಜೆ ನಾನು ಹೋದಾಗ ಹುಡುಗಿ ಗೋಡೆಗೆ ಒರಗಿ ಕೂತು, ರೊಟ್ಟಿ ಯಾವಾಗ ಕೊಡುತ್ತೀರಿ ಎಂದು ಸಾಹೇಬರೊಂದಿಗೆ ಜಗಳ ಆಡುತ್ತಿದ್ದಳು. ಅನ್ನದಿಂದಲೇ ಬದುಕಿದಳೋ, ಅವಳ ಆಯುಷ್ಯವೇ ಗಟ್ಟಿಯಿತ್ತೋ, ಒಬ್ಬಳನ್ನು ನೋಡಿ ಹೇಳುವಂತಿಲ್ಲ ಎಂದು ದಾರಿಯಲ್ಲಿ ಸಾಹೇಬರು ನನಗೆ ಹೇಳಿದರು. ಅಂಥ ಹೊತ್ತಿನಲ್ಲೂ ಅವರು ತಮಗೆ ತಿಳಿದದ್ದಕ್ಕಿಂತ ಹೆಚ್ಚು ಹೇಳಲಿಲ್ಲ. ಆದರೆ ಆ ವರ್ಷ ಸಂತೆಕಲ್ಲೂರಿನ ಓಣಿಗಳಲ್ಲಿ ಜ್ವರದ ಮನೆಗಳಿಂದಲೂ ಹೊಗೆ ಏಳತೊಡಗಿತು.

ಅವರು ಆ ಮನೆ ಬಿಟ್ಟು ಹೊರಟ ದಿನದ ಮಾತು ಹೇಳಿ ಮುಗಿಸುತ್ತೇನೆ. ಚಿಕ್ಕಪ್ಪ ತಾನೇ ಗಾಡಿ ಹೂಡಿದ. ಅಜ್ಜಿ ಅಂಗಳ ದಾಟಿ ಬಂದು ಗಾಡಿಯ ಚಕ್ರದ ಮೇಲೆ ಕೈಯಿಟ್ಟು ನಿಂತರು. ಆ ದಿನದ ಮೇಲೆ ಮಗನ ವಿಷಯ ಅವರು ಎತ್ತಿರಲಿಲ್ಲ. ಈ ಗಂಜಿಯ ವಿಷಯ ನಿಮಗೆ ಯಾವಾಗ ತಿಳಿಯಿತು ಎಂದು ಕೇಳಿದರು. ಹೋದ ವರ್ಷ ಎಂದರು ಸಾಹೇಬರು. ಯಾರು ಹೇಳಿದರು ಎಂದು ಕೇಳಿದರು. ಯಾರೋ ಬರೆದಿದ್ದರು, ಈ ಮಾಸ್ತರು ಓದಿದರು, ನಾನು ಕೇಳಿಸಿಕೊಂಡೆ ಎಂದರು. ನನ್ನ ಮಗ ಇದ್ದಾಗಲೇ ಯಾರಾದರೂ ಅದನ್ನು ಬರೆದಿದ್ದರೇನು ಎಂಬುದು ಅವರ ಮುಂದಿನ ಪ್ರಶ್ನೆ.

ನಾನು ಗಾಡಿಯ ಹಲಗೆ ಹಿಡಿದುಕೊಂಡೆ. ಬರೆದಿದ್ದರು. ಆ ಡಾಕ್ಟರು ತಮಗಿಂತ ಹಿಂದಿನವರೂ ಇದನ್ನು ಹೇಳಿದ್ದಾರೆಂದು ಆ ಪುಟದಲ್ಲೇ ಕಾಣಿಸಿದ್ದರು, ಅದನ್ನೂ ನಾನೇ ಓದಿದ್ದೆ.

"ಬರದಿದ್ರವ್ವಾ. ನಾ ಓದಿರಲಿಲ್ಲ" ಎಂದರು ಸಾಹೇಬರು.

ಅಜ್ಜಿ ಚಕ್ರದ ಮೇಲಿನ ಕೈ ತೆಗೆಯಲಿಲ್ಲ. ಎತ್ತುಗಳು ತಲೆ ಒದರಿದವು.

"ಹಂಗಾದ್ರ ಇನ್ನ ಬಿಡದಂಗ ಓದ್ರಿ. ನನ್ನಂಗ ಎಷ್ಟು ಮಂದಿ ತಾಯಂದ್ರು ಬಾಯಿ ಮುಚ್ಚಿಕೊಂಡು ಕೂತಾರೋ" ಎಂದು ಕೈ ತೆಗೆದರು.

ಆ ಬೇಸಿಗೆಯೂ ಸಾಹೇಬರು ಟ್ರಂಕು ಹಿಡಿದು ಬಸ್ಸಿಗೆ ನಿಂತರು. ಈ ಬಿಸಿಲಿನಲ್ಲಿ, ಈ ವಯಸ್ಸಿನಲ್ಲಿ ಯಾಕ್ರೀ ಎಂದು ಯಾರೋ ಎಂದಿನಂತೆ ಕೆಣಕಿದರು. ಮೊದಲೆಲ್ಲ ಅವರು ಇಂಥ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದರು. ಅವತ್ತು ಉತ್ತರ ಕೊಟ್ಟರು.

"ಸಂತೆಕಲ್ಲೂರಿನ ಅವ್ವ ಕಳಿಸ್ಯಾಳ."